ಮೋರಿ ನಂಬರ್

ಜರ್ಮನಿಯ ಹೆದ್ದಾರಿಗಳ ಎರಡೂ ಅಂಚಿಗೆ ಸೊಂಟದೆತ್ತರದ ಬಿಳಿ ಗೂಟಗಳನ್ನು ನೆಟ್ಟಿರುತ್ತಾರೆ. ರಾತ್ರಿ ದೀಪದ ಬೆಳಕು ಬಿದ್ದಾಗ ಮಿನುಗಿ, ರಸ್ತೆ ಎಲ್ಲಿಗೆ ಮುಗಿಯಿತು ಎಂದು ತೋರಿಸುವುದು ಅವುಗಳ ಕೆಲಸ. ಓಡುವ ಕಾರಿನಲ್ಲಿ ಕೂತವರ ಕಣ್ಣಿಗೆ ಬೀಳುವುದು ಇಷ್ಟೇ. ಕಾರು ಕೆಟ್ಟು, ಕೆಳಗಿಳಿದು, ಗೂಟದ ಪಕ್ಕಕ್ಕೆ ಹೋಗಿ ನಿಂತವರಿಗೆ ಮಾತ್ರ ಅದರ ನೆತ್ತಿಯ ಹತ್ತಿರ ಇರುವ ಪುಟ್ಟ ಕಪ್ಪು ಬಾಣ ಕಾಣುತ್ತದೆ. ಓಡುವವರಿಗಾಗಿ ಕಟ್ಟಿದ ರಸ್ತೆಯಲ್ಲಿ ನಿಂತುಹೋದವನಿಗೆಂದು ಬರೆದಿಟ್ಟ ಗುರುತು ಅದು.

ಬಾಣ ಹೇಳುವುದು ಒಂದೇ ಮಾತು: ಈ ಕಡೆಗೆ ನಡಿ. ಹತ್ತಿರದ ತುರ್ತು ಫೋನು ಆ ದಿಕ್ಕಿಗಿದೆ. ಅಲ್ಲಿನ ಆಟೋಬಾನ್‌ಗಳಲ್ಲಿ ಸುಮಾರು ಎರಡು ಕಿಲೋಮೀಟರಿಗೊಂದರಂತೆ ಕಿತ್ತಳೆ ಬಣ್ಣದ ಫೋನ್ ಕಂಬಗಳಿವೆ. ಎಲ್ಲೇ ಕೆಟ್ಟು ನಿಂತರೂ ಹೆಚ್ಚೆಂದರೆ ಒಂದು ಕಿಲೋಮೀಟರ್ ನಡಿಗೆ, ಸರಿಯಾದ ದಿಕ್ಕಿಗೆ ಹೊರಟರೆ. ಗಾಡಿ ಕೆಟ್ಟವನ ತಲೆ ಆ ಹೊತ್ತಿಗೆ ಓಡುವುದಿಲ್ಲ ಎಂದು ಬಲ್ಲ ಯಾರೋ ಅವನ ಪರವಾಗಿ ಮೊದಲೇ ಯೋಚನೆ ಮಾಡಿಟ್ಟಿದ್ದಾರೆ. ಇಂಗ್ಲೆಂಡಿನ ಮೋಟಾರ್‌ವೇಗಳಲ್ಲೂ ಇದೇ ಕ್ರಮ. ನೂರು ಮೀಟರಿಗೊಂದು ಗುರುತಿನ ಕಂಬ, ಅದರ ಮೇಲೆ ಸಂಖ್ಯೆ, ಫೋನಿನ ಚಿತ್ರ, ಬಾಣ. ಅಲ್ಲಿ ಇನ್ನೊಂದು ಬುದ್ಧಿಮಾತನ್ನೂ ಹೇಳುತ್ತಾರೆ: ಫೋನಿನಲ್ಲಿ ಮಾತಾಡುವಾಗ ಬರುವ ವಾಹನಗಳ ಕಡೆಗೆ ಮುಖ ಮಾಡಿ ನಿಲ್ಲಿ. ಕಷ್ಟ ಹೇಳಿಕೊಳ್ಳುವ ಭರದಲ್ಲಿ ಮನುಷ್ಯ ದಾರಿಗೆ ಬೆನ್ನು ಹಾಕಿಬಿಡುತ್ತಾನೆ ಎಂಬುದನ್ನು ಕೂಡ ಯಾರೋ ಗಮನಿಸಿರಬೇಕು.

ನನ್ನ ತಂಗಿಯ ಮಗ ಸ್ಟುಟ್‌ಗಾರ್ಟಿನಲ್ಲಿ ಕೆಲಸಕ್ಕಿದ್ದಾಗ ಒಮ್ಮೆ ಅವನ ಕಾರು ಹೀಗೆ ನಿಂತಿತು. ನಾನೂ ಜೊತೆಗಿದ್ದೆ. ಅವನು ಹಳದಿ ಜಾಕೆಟ್ ತೊಟ್ಟು, ನಮ್ಮನ್ನೆಲ್ಲ ತಡೆಬೇಲಿಯ ಆಚೆಗೆ ದಾಟಿಸಿ, ಕೆಂಪು ತ್ರಿಕೋನ ಇಟ್ಟು ಬಂದು, ಗೂಟದ ಬಾಣ ನೋಡಿಕೊಂಡು ನಡೆಯತೊಡಗಿದ. ಜೇಬಿನಲ್ಲಿ ಮೊಬೈಲ್ ಇತ್ತು. ಅದಿರುವಾಗ ಇದ್ಯಾಕೋ ಎಂದೆ.

“ಮೊಬೈಲಿಂದ ಮಾಡಿದ್ರೆ ಎಲ್ಲಿದ್ದೀರಿ ಅಂತ ಅವ್ರು ಕೇಳ್ತಾರೆ ಮಾವ. ಇದ್ರಿಂದ ಮಾಡಿದ್ರೆ ಎಲ್ಲಿದ್ದೀನಿ ಅಂತ ಅವ್ರೇ ಹೇಳ್ತಾರೆ.”

ಅವನು ಆ ಮಾತನ್ನು ತಮಾಷೆಗೆ ಹೇಳಿದ್ದಲ್ಲ, ದೊಡ್ಡ ಮಾತೆಂದೂ ಹೇಳಿದ್ದಲ್ಲ. ಆದರೆ ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಆ ಕಂಬಗಳ ಕರೆಗಳನ್ನು ಎತ್ತಿಕೊಳ್ಳುವುದು ಹ್ಯಾಂಬರ್ಗಿನಲ್ಲಿ, ವಿಮಾ ಕಂಪನಿಗಳ ಒಕ್ಕೂಟ ನಡೆಸುವ ಒಂದು ಕೇಂದ್ರ. ದೇಶದ ದಕ್ಷಿಣ ತುದಿಯಲ್ಲಿ ನಿಂತು ಮಾತಾಡಿದರೂ ದನಿ ಕೇಳುವುದು ಉತ್ತರದ ಆ ಊರಿಗೆ. ಅಷ್ಟು ದೂರದಲ್ಲಿ ಕೂತವರಿಗೆ ನೀವು ನಿಂತ ಜಾಗ ನಿಮಗಿಂತ ಚೆನ್ನಾಗಿ ಗೊತ್ತು. ಯಾಕೆಂದರೆ ಅದನ್ನು ಹೇಳಿದ್ದು ನೀವಲ್ಲ, ಕಂಬ.

ಕೆಟ್ಟು ನಿಂತವನ ನಿಜವಾದ ಕಷ್ಟ ಇದು. ಗಾಡಿ ಕೆಟ್ಟಿರುವುದು ಆಮೇಲಿನ ಮಾತು. ತಾನೆಲ್ಲಿದ್ದೇನೆ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ. ಹೊರಟ ಊರು ಗೊತ್ತು, ಸೇರಬೇಕಾದ ಊರು ಗೊತ್ತು, ನಡುವಿನದೆಲ್ಲ ಬರೀ ‘ದಾರಿ’. ಆ ಬರೀ ದಾರಿಯಲ್ಲಿ ಇಳಿದು ನಿಂತಾಗಲೇ ಅದಕ್ಕೂ ಊರು, ಹೆಸರು, ಹಳ್ಳ, ಮರ ಇವೆ ಎಂದು ಕಾಣುವುದು. ಜಾತ್ರೆಗೆ ಹೊರಡುವ ಮುಂಚೆ ಮಕ್ಕಳಿಗೆ ನಮ್ಮ ಅಮ್ಮ ಹೇಳುತ್ತಿದ್ದುದು ನೆನಪಾಗುತ್ತದೆ: ತಪ್ಪಿಸಿಕೊಂಡರೆ ಹುಡುಕಿಕೊಂಡು ಬರಬೇಡಿ, ತೇರಿನ ಗಾಲಿಯ ಹತ್ತಿರ ಹೋಗಿ ನಿಂತಿರಿ. ಮಗುವಿಗೆ ದಾರಿ ಗೊತ್ತಿರಬೇಕಿಲ್ಲ. ಹುಡುಕುವವರಿಗೂ ಕಳೆದುಹೋದವರಿಗೂ ಇಬ್ಬರಿಗೂ ಗೊತ್ತಿರುವ ಒಂದು ಜಾಗ ಇದ್ದರೆ ಸಾಕು. ಹೆದ್ದಾರಿಯ ಫೋನ್ ಕಂಬ ಅಂಥ ತೇರಿನ ಗಾಲಿ.

ಸ್ಟುಟ್‌ಗಾರ್ಟಿನಿಂದ ಹೆಚ್ಚು ದೂರವೇನಿಲ್ಲ ವಿನ್ನೆಂಡೆನ್ ಎಂಬ ಊರು. 1969ರ ಮೇ 3ರಂದು ಅಲ್ಲಿ ಬ್ಯೋರ್ನ್ ಸ್ಟೈಗರ್ ಎಂಬ ಎಂಟು ವರ್ಷದ ಹುಡುಗ ಈಜುಕೊಳದಿಂದ ಮನೆಗೆ ಬರುತ್ತಿದ್ದಾಗ ಕಾರೊಂದು ಬಡಿಯಿತು. ಅಲ್ಲಿದ್ದವರು ತಡಮಾಡದೆ ಪೊಲೀಸರಿಗೂ ರೆಡ್‌ಕ್ರಾಸಿನವರಿಗೂ ಸುದ್ದಿ ಮುಟ್ಟಿಸಿದರು. ಆದರೂ ಆಂಬುಲೆನ್ಸ್ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಕಳೆದಿತ್ತು. ಹುಡುಗ ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡ. ಗಾಯ ಪ್ರಾಣ ತೆಗೆಯುವಂಥದ್ದಾಗಿರಲಿಲ್ಲ. ಪೆಟ್ಟಿನ ಆಘಾತದಿಂದ ಹೋದ.

ತಂದೆ ಸೀಗ್‌ಫ್ರೀಡ್, ತಾಯಿ ಉಟೆ. ತಂದೆ ಕಟ್ಟಡ ವಿನ್ಯಾಸಕಾರ. ವೈದ್ಯಕೀಯಕ್ಕೂ ದೂರವಾಣಿಗೂ ಸಂಬಂಧವಿಲ್ಲದ ಮನುಷ್ಯ. ಎರಡು ತಿಂಗಳು ಕಳೆದು ಜುಲೈ 7ರಂದು ಗಂಡಹೆಂಡತಿ ಮಗನ ಹೆಸರಿನಲ್ಲಿ ಒಂದು ಸಂಸ್ಥೆ ಹುಟ್ಟುಹಾಕಿದರು. ಅವರು ನೋಡಿದ್ದು ಇಷ್ಟು: ದೊಡ್ಡ ಆಟೋಬಾನ್‌ಗಳಲ್ಲಿ ಫೋನ್ ಕಂಬ ಇದ್ದವು, ಉಳಿದ ಊರುದಾರಿಗಳಲ್ಲಿ ಇರಲಿಲ್ಲ. ತುರ್ತಿಗೆ ಇಡೀ ದೇಶಕ್ಕೆ ಒಂದೇ ನಂಬರ್ ಎಂಬುದು ಇರಲಿಲ್ಲ. ಆಂಬುಲೆನ್ಸಿನಲ್ಲಿ ರೇಡಿಯೋ ಇರಲಿಲ್ಲ, ಹೊರಟ ಗಾಡಿಗೆ ಮತ್ತೇನನ್ನೂ ತಿಳಿಸುವಂತಿರಲಿಲ್ಲ. ರಸ್ತೆ ಬದಿಗೆ ಕಂಬ ನೆಡಿಸಲು ತಾವೇ ಹಣ ಕೂಡಿಸತೊಡಗಿದರು. ಒಂದೇ ನಂಬರ್ ಬೇಕೆಂದು 1973ರಲ್ಲಿ ಸರ್ಕಾರದ ಮೇಲೆ ದಾವೆ ಹೂಡಿದರು. ದಾವೆ ಬಿದ್ದುಹೋಯಿತು. ಆದರೆ ಅದರ ಸದ್ದು ದೇಶಕ್ಕೆಲ್ಲ ಕೇಳಿ, ಅದೇ ವರ್ಷ 110 ಮತ್ತು 112 ಎಂಬ ನಂಬರುಗಳನ್ನು ಎಲ್ಲೆಡೆ ತರುವ ತೀರ್ಮಾನವಾಯಿತು. ಕೋರ್ಟಿನಲ್ಲಿ ಸೋತು ಹೊರಗೆ ಗೆಲ್ಲುವುದು ಅಂದರೆ ಇದು.

ಆ ಹುಡುಗನ ವಿಷಯದಲ್ಲಿ ಕರೆಯೇನೋ ಹೋಗಿತ್ತು ಎಂಬುದನ್ನು ನಾನು ಮರೆಯಲಾರೆ. ಕರೆ ಹೋದ ಮೇಲೂ ಒಂದು ಗಂಟೆ. ಕಂಬದ ಆಚೆ ತುದಿಯಲ್ಲಿ ಒಬ್ಬ ಮನುಷ್ಯ, ಅವನಾಚೆ ಒಂದು ಗಾಡಿ, ಗಾಡಿಯಲ್ಲಿ ಇಂಧನ, ಹೊರಡಬೇಕೆಂಬ ಜವಾಬ್ದಾರಿ ಇಷ್ಟೂ ಕೂಡಿಬಂದರೆ ಮಾತ್ರ ಅದು ಫೋನು. ಇಲ್ಲದಿದ್ದರೆ ಕಿತ್ತಳೆ ಬಣ್ಣ ಬಳಿದ ಕಂಬ.

ಇಂಗ್ಲೆಂಡಿನ ಕಥೆ ಬೇರೆ ರೀತಿಯದು. ಅಲ್ಲಿ ಇದು ದುಃಖದಿಂದ ಹುಟ್ಟಲಿಲ್ಲ, ಸದಸ್ಯತ್ವದಿಂದ ಹುಟ್ಟಿತು. 1905ರಲ್ಲಿ ಕಾರಿದ್ದ ಶ್ರೀಮಂತರು ಸೇರಿ ಆಟೊಮೊಬೈಲ್ ಅಸೋಸಿಯೇಷನ್ ಕಟ್ಟಿಕೊಂಡದ್ದು ಪೊಲೀಸರ ವೇಗಮಿತಿಯ ಬಲೆಯಿಂದ ತಪ್ಪಿಸಿಕೊಳ್ಳಲಿಕ್ಕೆ. ಸಂಘದ ಕಾವಲಿನವರು ದಾರಿಯಲ್ಲಿ ನಿಂತು, ಸದಸ್ಯರ ಬಿಲ್ಲೆ ಇರುವ ಕಾರಿಗೆ ಸಲಾಮು ಹೊಡೆಯುತ್ತಿದ್ದರು. ಸಲಾಮು ಹೊಡೆಯದಿದ್ದರೆ ಮುಂದೆ ಪೊಲೀಸರಿದ್ದಾರೆ ಎಂದು ಅರ್ಥ. ಎಚ್ಚರಿಕೆ ಕೊಟ್ಟರೆ ಕಾನೂನು ಹಿಡಿಯುತ್ತದೆ, ಸಲಾಮು ಹೊಡೆಯದೆ ಇರುವವನನ್ನು ಯಾವ ಕಾನೂನು ಹಿಡಿದೀತು? ಅದೇ ಕಾವಲಿನವರ ಮಳೆಗಾಲದ ಆಸರೆಗೆಂದು ಮರದ ಪೆಟ್ಟಿಗೆಯಂಥ ಗೂಡುಗಳು ಬಂದವು. ಗೂಡಿಗೆ ಫೋನು ಬಂತು. ಸದಸ್ಯರ ಕೈಗೆ ಗೂಡಿನ ಬೀಗದಕೈ ಬಂತು.

ಈ ಬೀಗದಕೈ ನನ್ನನ್ನು ಕಾಡುತ್ತದೆ. ಸುರಿವ ಮಳೆಯಲ್ಲಿ ಕಾರು ಕೆಟ್ಟ ಇಬ್ಬರು ಒಂದೇ ಗೂಡಿನ ಮುಂದೆ ನಿಂತಿದ್ದಾರೆ, ಒಬ್ಬನ ಜೇಬಿನಲ್ಲಿ ಬೀಗದಕೈ ಇದೆ, ಇನ್ನೊಬ್ಬನಲ್ಲಿ ಇಲ್ಲ ಎಂದುಕೊಳ್ಳಿ. ಬಹುಶಃ ಮೊದಲನೆಯವನು ಎರಡನೆಯವನನ್ನೂ ಒಳಗೆ ಕರೆದಿರುತ್ತಾನೆ. ಆದರೆ ಕರೆಯುವುದು ಬಿಡುವುದು ಅವನಿಗೆ ಬಿಟ್ಟದ್ದು. ನಮ್ಮ ಕಡೆ ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟವರು ನೀರಿನ ಗುಡಾಣಕ್ಕೆ ಬೀಗ ಹಾಕಲಿಲ್ಲ. (ಯಾರಿಗೆ ಯಾವ ಲೋಟದಲ್ಲಿ, ಎಷ್ಟು ಎತ್ತರದಿಂದ ನೀರು ಹೊಯ್ದರು ಎಂದು ಕೇಳಿದರೆ ನಮ್ಮ ಬೀಗಗಳೂ ಹೊರಬರುತ್ತವೆ. ಆದ್ದರಿಂದ ಬೀಗುವುದು ಬೇಡ.) ಜರ್ಮನಿಯ ದಂಪತಿ ನೆಡಿಸಿದ ಕಂಬಗಳಿಗೆ ಬೀಗದಕೈ ಬೇಕಿರಲಿಲ್ಲ. ಇಂಗ್ಲೆಂಡಿನ ಗೂಡಿನ ಫೋನುಗಳನ್ನು 2002ರಲ್ಲಿ ನಿಲ್ಲಿಸಿದರು. ಉಳಿದ ಕೆಲವು ಗೂಡುಗಳು ಈಗ ಪರಂಪರೆಯ ಕಟ್ಟಡಗಳ ಪಟ್ಟಿಯಲ್ಲಿವೆ.

ಕ್ಯಾಲಿಫೋರ್ನಿಯಾದವರು ವಾಹನ ನೋಂದಣಿಯ ಜೊತೆ ವರ್ಷಕ್ಕೆ ಒಂದು ಡಾಲರ್ ಕೂಡಿಸಿ ಹಳದಿ ಪೆಟ್ಟಿಗೆಗಳನ್ನು ನಿಲ್ಲಿಸಿದರು. ನೆತ್ತಿಯ ಮೇಲೆ ಸೌರಫಲಕ, ಹೊಟ್ಟೆಯೊಳಗೆ ಮೊಬೈಲ್ ಫೋನು. ಜನರ ಜೇಬಿಗೆ ಮೊಬೈಲ್ ಬರುವ ಮುಂಚೆ ಅದು ಕಂಬದ ಹೊಟ್ಟೆಯಲ್ಲಿತ್ತು. ಜೇಬಿಗೆ ಬಂದ ಮೇಲೆ ಕಂಬದ ಹತ್ತಿರ ಹೋಗುವವರು ಇಲ್ಲವಾದರು. ತನ್ನ ಮರಿಯೇ ತನ್ನನ್ನು ತಿಂದಂತಾಯಿತು ಆ ಪೆಟ್ಟಿಗೆಯ ಪಾಡು.

ನಮ್ಮಲ್ಲೂ ಟೋಲ್ ರಸ್ತೆಗಳ ಬದಿಗೆ ‘ಎಸ್‌ಒಎಸ್’ ಎಂದು ಬರೆದ ಪೆಟ್ಟಿಗೆಗಳಿವೆ. ಒಮ್ಮೆ ಟೈರ್ ಬದಲಿಸಲು ನಿಂತಾಗ, ತೊಂದರೆಯೇನೂ ಇಲ್ಲದಿದ್ದರೂ ಕುತೂಹಲ ತಡೆಯದೆ, ಹತ್ತಿರ ಹೋಗಿ ನೋಡಿದೆ. ಗುಂಡಿಯ ಜಾಗದಲ್ಲಿ ತೂತಿತ್ತು, ತೂತಿನಲ್ಲಿ ಕಣಜ ಗೂಡು ಕಟ್ಟಿತ್ತು. ಎಲ್ಲ ಪೆಟ್ಟಿಗೆಯೂ ಹಾಗೇ ಎಂದು ಹೇಳಲಾರೆ; ನಾನು ನೋಡಿದ್ದು ಒಂದು. ಅದಿಲ್ಲದಿದ್ದರೆ ನಂಬರುಗಳಿವೆ. ರಾಷ್ಟ್ರೀಯ ಹೆದ್ದಾರಿಗೆ 1033, ಎಲ್ಲ ತುರ್ತಿಗೂ 112, ಆಂಬುಲೆನ್ಸಿಗೆ 2008ರ ರಾಜ್ಯೋತ್ಸವದ ದಿನದಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ 108. ಈ 108 ಬಂದ ಮೇಲೆ ಹಳ್ಳಿಗಳಲ್ಲಿ ಅದು ನಂಬರಾಗಿ ಉಳಿಯಲಿಲ್ಲ, ಗಾಡಿಯ ಹೆಸರೇ ಆಯಿತು. “ನೂರೆಂಟು ಬಂತಾ?” ಎನ್ನುತ್ತಾರೆ, ಬಸ್ಸು ಬಂತಾ ಎಂದು ಕೇಳುವ ಹಾಗೆ.

ಆದರೆ ಕರೆ ಮಾಡಿದವರಿಗೆಲ್ಲ ಗೊತ್ತು, ಆಚೆಯಿಂದ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು: ಎಲ್ಲಿದ್ದೀರಿ? ಜಿಲ್ಲೆ ಯಾವುದು, ತಾಲ್ಲೂಕು ಯಾವುದು, ಹತ್ತಿರದ ಊರು ಯಾವುದು, ಗುರುತು ಏನಿದೆ? ರಕ್ತ ನೋಡುತ್ತ ನಿಂತವನಿಗೆ ತಾಲ್ಲೂಕು ಎಲ್ಲಿಂದ ನೆನಪಾಗಬೇಕು? ಕೇಳುವವರ ತಪ್ಪೂ ಅಲ್ಲ, ಅವರು ಗಾಡಿ ಎಲ್ಲಿಗೆಂದು ಕಳಿಸಿಯಾರು? ಕಂಬ ಹೇಳುತ್ತಿದ್ದ ಉತ್ತರವನ್ನು ಈಗ ಮನುಷ್ಯ ಹೇಳಬೇಕು.

ಈ ತೊಡಕು ಬಿಡಿಸಲು ಯುರೋಪಿನವರು ಫೋನನ್ನು ಕಾರಿನೊಳಗೇ ಇಟ್ಟರು. 2018ರ ಮಾರ್ಚ್ 31ರಿಂದ ಅಲ್ಲಿ ಹೊಸ ಮಾದರಿಯ ಕಾರುಗಳಿಗೆ ‘ಇ-ಕಾಲ್’ ಕಡ್ಡಾಯ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವಂಥ ಡಿಕ್ಕಿಯಾದರೆ ಕಾರು ತಾನೇ 112ಕ್ಕೆ ಕರೆ ಮಾಡುತ್ತದೆ. ಯಾವ ಜಾಗ, ಯಾವ ದಿಕ್ಕಿಗೆ ಹೊರಟಿತ್ತು, ಎಷ್ಟು ಹೊತ್ತಿಗೆ ಆಯಿತು, ಎಷ್ಟು ಸೀಟ್‌ಬೆಲ್ಟ್ ಹಾಕಿತ್ತು ಎಂಬುದನ್ನೆಲ್ಲ ಒಂದು ಸಣ್ಣ ಸಂದೇಶದಲ್ಲಿ ಕಳಿಸುತ್ತದೆ. ಕೂತವನಿಗೆ ಪ್ರಜ್ಞೆ ತಪ್ಪಿದ್ದರೂ ಚಿಂತೆಯಿಲ್ಲ. ಇದು ದೊಡ್ಡ ಕೆಲಸ, ಪ್ರಾಣ ಉಳಿಸುವ ಕೆಲಸ. ಕೊಂಕು ತೆಗೆಯುವ ಮನಸ್ಸಿಲ್ಲ. ಆದರೂ ಒಂದು ಗಮನಿಸುತ್ತೇನೆ. ಹಳೆಯ ವ್ಯವಸ್ಥೆಯಲ್ಲಿ ಜಾಗದ ಹೊಣೆ ರಸ್ತೆಯದು. ನಡೆದು ಬಂದವನು ಯಾರೇ ಇರಲಿ, ಅವನ ಗಾಡಿ ಹೊಸದೋ ಹಳೆಯದೋ, ಎತ್ತಿನ ಗಾಡಿಯೋ, ಕಂಬ ಕೇಳುತ್ತಿರಲಿಲ್ಲ. ಹೊಸದರಲ್ಲಿ ಹೊಣೆ ಕಾರಿನದು, ಅಂದರೆ ಕೊಂಡವನದು. ಅಲ್ಲಿಗೆ ಇಂಗ್ಲೆಂಡಿನ ಬೀಗದಕೈ ಬೇರೆ ರೂಪದಲ್ಲಿ ಜೇಬಿಗೆ ಮರಳಿತು. ಅದೂ ಸಾಲದೆಂಬಂತೆ, ಆ ಮೊದಲ ಕಾರುಗಳು ನಂಬಿದ್ದ 2ಜಿ, 3ಜಿ ಜಾಲಗಳನ್ನು ಅಲ್ಲಿನ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿವೆ.

ನೆಟ್‌ವರ್ಕ್ ಇಲ್ಲದ ಜಾಗ ಅಂದರೇನು ಎಂದು ನನಗೆ ತಿಳಿದದ್ದು ಚಾರ್ಮಾಡಿ ಘಾಟಿಯಲ್ಲಿ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು, ಆಗಿನ್ನೂ ಲಾರಿಗಳು ಆ ದಾರಿಯಲ್ಲಿ ಓಡಾಡುತ್ತಿದ್ದವು. ಧರ್ಮಸ್ಥಳದಿಂದ ಹೊರಟಾಗಲೇ ಸಂಜೆಯಾಗಿತ್ತು. ಆಗಸ್ಟ್ ತಿಂಗಳ ಮಳೆ, ಮಂಜು, ಹಳೆಯ ಮಾರುತಿ ಕಾರು. ಏರುದಾರಿಯ ಅರ್ಧದಲ್ಲಿ ಬಾನೆಟ್ಟಿನಿಂದ ಹಬೆ ಬಂದು ಗಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ “ಅಣ್ಣಪ್ಪಾ” ಎಂದರು. ಮೇಲೆ ತಿರುವಿನಲ್ಲಿರುವ ಅಣ್ಣಪ್ಪನ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕಾಣಿಕೆ ಹಾಕಿ ಹೋಗುವುದು ಆ ಘಾಟಿಯ ಪದ್ಧತಿ. ನಾವಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಮೊಬೈಲ್ ತೆಗೆದು ನೋಡಿದರೆ ಗೀಟೇ ಇಲ್ಲ. ಅದನ್ನು ಕೈಯೆತ್ತಿ ಹಿಡಿದುಕೊಂಡು, ಆಕಾಶಕ್ಕೆ ಆರತಿ ಎತ್ತುವವನ ಹಾಗೆ, ಆ ಕಡೆ ಈ ಕಡೆ ತಿರುಗಿದ್ದು ನೆನಪಿದೆ.

ಒಂದು ಲಾರಿ ಹಿಂದಿನಿಂದ ಬಂದು ನಿಂತಿತು. ಚಾಲಕ ಇಳಿದವನೇ ಮೊದಲು ಅಂದದ್ದು, “ಗಾಡಿ ಒಳಗೆ ಯಾರೂ ಕೂರ್ಬೇಡಿ ಸಾರ್. ಅಮ್ಮನ್ನ ಇಳಿಸಿ ಗುಡ್ಡದ ಕಡೆ ನಿಲ್ಸಿ.” ಆಮೇಲೆ ಕ್ಲೀನರ್ ಹುಡುಗನಿಗೆ ಸನ್ನೆ ಮಾಡಿದ. ಹುಡುಗ ಪಕ್ಕದ ಗಿಡದಿಂದ ದೊಡ್ಡದೊಂದು ಸೊಪ್ಪಿನ ಕೊಂಬೆ ಮುರಿದು, ಕಾರಿನಿಂದ ಹಿಂದಕ್ಕೆ ನಲವತ್ತು ಹೆಜ್ಜೆ ನಡೆದು, ರಸ್ತೆಯ ಮೇಲಿಟ್ಟು, ಮಳೆಗೆ ತೇಲಿ ಹೋಗದಂತೆ ಅದರ ಬುಡಕ್ಕೆ ಎರಡು ಕಲ್ಲು ಒತ್ತಿದ. ಹೊಸ ಕಾರಿನ ಜೊತೆ ಕೊಡುವ ಕೆಂಪು ತ್ರಿಕೋನ ಹೇಳುವುದನ್ನೇ ಹಸಿ ಸೊಪ್ಪು ಹೇಳುತ್ತದೆ. ರಸ್ತೆ ನಡುವೆ ಮರ ಚಿಗುರುವುದಿಲ್ಲ. ಚಿಗುರಿದ್ದರೆ ಮುಂದೇನೋ ಇದೆ.

ಚಾಲಕ ಬಾನೆಟ್ ಎತ್ತಿ ನೋಡಿದ. ಬೆಲ್ಟು ಹರಿದಿತ್ತು. ಕೊಟ್ಟಿಗೆಹಾರದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಕಳಿಸ್ತೀನಿ ಅಂದ. ನನಗೆ ಹೊಳೆದದ್ದು ಒಂದೇ ಪ್ರಶ್ನೆ. ಈ ಕತ್ತಲೆಯಲ್ಲಿ, ಈ ಮಂಜಿನಲ್ಲಿ, ಒಂದರಂತೆ ಇನ್ನೊಂದಿರುವ ಈ ತಿರುವುಗಳಲ್ಲಿ ಅವನು ನಮ್ಮನ್ನು ಹುಡುಕುವುದು ಹೇಗೆ?

ಅವನು ಟಾರ್ಚ್ ಹಿಡಿದು ಕಾರಿನ ಮುಂದಕ್ಕೆ ಹತ್ತು ಹೆಜ್ಜೆ ನಡೆದ. ಅಲ್ಲೊಂದು ಮೋರಿ ಇತ್ತು, ಹಾವಸೆ ಹತ್ತಿದ ಸಣ್ಣ ಕಟ್ಟೆ. ಅಂಗೈಯಿಂದ ಹಾವಸೆ ಉಜ್ಜಿದ. ಕಪ್ಪು ಬಣ್ಣದಲ್ಲಿ ಒಂದು ಸಂಖ್ಯೆ, ಓರೆಗೆರೆ, ಇನ್ನೊಂದು ಸಂಖ್ಯೆ. ಯಾವ ಸಂಖ್ಯೆ ಎಂಬುದು ಈಗ ಮರೆತಿದೆ. ಮೊದಲಿನದು ಕಿಲೋಮೀಟರ್, ಎರಡನೆಯದು ಆ ಕಿಲೋಮೀಟರಿನಲ್ಲಿ ಅದು ಎಷ್ಟನೆಯ ಮೋರಿ ಎಂಬ ಲೆಕ್ಕ. ಲೋಕೋಪಯೋಗಿ ಇಲಾಖೆಯವರು ತಮ್ಮ ರಿಪೇರಿ, ಬಿಲ್ಲುಗಳಿಗಾಗಿ ಬರೆದುಕೊಂಡದ್ದು. ಆ ದಾರಿಯಲ್ಲಿ ಅದೆಷ್ಟು ಸಲ ಹೋಗಿದ್ದೆನೋ, ಮೋರಿಗೆ ನಂಬರ್ ಇದೆ ಎಂದು ನಾನು ನೋಡಿರಲಿಲ್ಲ. ಅವನು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಲಾರಿ ಹತ್ತಿದ.

ಆ ಘಾಟಿಗೆ ಕಿತ್ತಳೆ ಕಂಬ ಇರಲಿಲ್ಲ ನಿಜ. ಬುಡದ ಚಾರ್ಮಾಡಿ ಊರಿನಲ್ಲಿ ಹಸನಬ್ಬ ಇದ್ದರು. ಘಾಟಿಯಲ್ಲಿ ಗಾಡಿ ಉರುಳಿದರೆ, ಜನ ಸಿಕ್ಕಿಬಿದ್ದರೆ ಹೊತ್ತು ಗೊತ್ತು ನೋಡದೆ ಓಡಿಹೋಗುವವರು ಎಂದು ಆ ಸೀಮೆಗೆಲ್ಲ ಗೊತ್ತಿರುವ ಹೆಸರು. 2023ರಲ್ಲಿ ಸರ್ಕಾರ ಸಮಾಜಸೇವೆಗೆಂದು ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ಅದಕ್ಕೂ ಮುಂಚೆ, ಅಪಘಾತದಲ್ಲಿ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಸಬಾರದೆಂದು ನಮ್ಮ ರಾಜ್ಯ ಒಂದು ಕಾಯ್ದೆಯನ್ನೇ ಮಾಡಿತು. ಒಳ್ಳೆಯದೇ. ಆದರೆ ಸಹಾಯ ಮಾಡಿದವನನ್ನು ಕಾಪಾಡಲು ಕಾನೂನು ಬೇಕಾಯಿತಲ್ಲ ಎಂದುಕೊಂಡಾಗ, ಜನ ಯಾಕೆ ಗಾಡಿ ನಿಲ್ಲಿಸದೆ ಹೋಗುತ್ತಿದ್ದರು ಎಂಬುದು ಅರ್ಥವಾಗುತ್ತದೆ. ಆ ಲಾರಿಯವನು ನಿಲ್ಲಿಸಿದಾಗ ಈ ಕಾಯ್ದೆ ಇರಲಿಲ್ಲ.

ಒಂದೂವರೆ ಗಂಟೆ ಕಾದೆವು. ಆ ಒಂದೂವರೆ ಗಂಟೆಯಲ್ಲಿ ನನಗೆ ಭಯ ಕಡಿಮೆಯಾಗಿತ್ತು ಎಂದರೆ ನಂಬುತ್ತೀರೋ ಇಲ್ಲವೋ. ಗಾಡಿ ಹಾಗೆಯೇ ಕೆಟ್ಟು ನಿಂತಿತ್ತು, ಮಳೆ ಹಾಗೆಯೇ ಸುರಿಯುತ್ತಿತ್ತು. ಬದಲಾದದ್ದು ಒಂದೇ, ನಾವೆಲ್ಲಿದ್ದೇವೆ ಎಂದು ಇನ್ನೊಬ್ಬನಿಗೆ ಗೊತ್ತಿತ್ತು. ಅಮ್ಮ ಕೊಡೆಯ ಕೆಳಗೆ ನಿಂತು, ನೀರು ಹರಿವ ಸದ್ದು ಕೇಳುತ್ತ, ತಾವು ಚಿಕ್ಕವರಿದ್ದಾಗ ಎತ್ತಿನ ಗಾಡಿಯ ಕೀಲು ಮುರಿದು ಹಳ್ಳದ ದಂಡೆಯಲ್ಲಿ ರಾತ್ರಿ ಕಳೆದ ಕಥೆ ಹೇಳಿದರು. ಆ ಕಥೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಅವರು ಹೇಳಲಿಲ್ಲ.

ಮೇಲಿನಿಂದ ಒಂದು ಬೈಕಿನ ದೀಪ ಮಂಜಿನಲ್ಲಿ ತೂಗಾಡುತ್ತ ಇಳಿದು ಬಂತು. ಮೆಕ್ಯಾನಿಕ್ ಕೊರಳಿಗೆ ಬೆಲ್ಟನ್ನು ಹಾರದಂತೆ ಹಾಕಿಕೊಂಡಿದ್ದ. ಹುಡುಕಲು ಕಷ್ಟವಾಯಿತೇ ಎಂದು ಕೇಳಿದೆ. “ಮೋರಿ ನಂಬರ್ ಹೇಳಿದ್ನಲ್ಲ ಸಾರ್, ಹುಡುಕೋದೇನು ಬಂತು” ಎಂದು ಬಾನೆಟ್ಟಿಗೆ ಬಗ್ಗಿದ. ಅರ್ಧ ಗಂಟೆಯಲ್ಲಿ ಗಾಡಿ ಚಾಲೂ ಆಯಿತು. ದುಡ್ಡು ಕೊಟ್ಟೆ, ಎಣಿಸಿ ಹತ್ತು ರೂಪಾಯಿ ವಾಪಸು ಕೊಟ್ಟ.

ನಾವು ಹೊರಡುವ ಹೊತ್ತಿಗೆ ಅವನು ಕಾರಿನ ಹಿಂದಕ್ಕೆ ನಡೆದುಹೋದ. ಕಲ್ಲುಗಳನ್ನು ಕಾಲಿನಿಂದ ಒಂದೊಂದಾಗಿ ಚರಂಡಿಗೆ ತಳ್ಳಿದ. ಸೊಪ್ಪಿನ ಕೊಂಬೆಯನ್ನು ಎತ್ತಿ, ನೀರು ಕೊಡವಿ, ತಡೆಗೋಡೆಯಾಚೆಯ ಕತ್ತಲಿಗೆ ಎಸೆದ. ಅದು ಬಿದ್ದ ಸದ್ದು ಕೇಳಿಸಲಿಲ್ಲ.